ಮುರಿದ ಫೋರ್ಕನ್ನು ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಐದು ಸಾಲಿನ ಒಂದು ಸುದ್ದಿ ಇತ್ತು. ಶಾಲೆಯಿಂದ ಮನೆಗೆ ಹೊರಟಿದ್ದ ಹುಡುಗನೊಬ್ಬ ಸೈಕಲ್‌ನಿಂದ ‘ಆಯತಪ್ಪಿ ಬಿದ್ದು’ ಗಾಯಗೊಂಡು ಆಸ್ಪತ್ರೆಗೆ ದಾಖಲಾಗಿದ್ದಾನೆ ಎಂಬ ಸುದ್ದಿ. ನಾನು ತಿಪಟೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ನಮ್ಮ ತಂದೆ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ ಅದೇ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಕೂತಿದ್ದೇನೆ. ಆ ಎರಡು ಪದ ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಏಳುವುದು ಒಂದೇ ಪ್ರಶ್ನೆ: ಆಯ ತಪ್ಪಿದ್ದು ಏಕೆ? ಬ್ರೇಕಿನ ತಂತಿ ಕಿತ್ತು ಬಂದಿತೇ, ಪೆಡಲ್ ಕಳಚಿತೇ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಮುರಿಯಿತೇ? ಇದನ್ನು ಯಾರೂ ಕೇಳುವುದಿಲ್ಲ. ಬಿದ್ದವನೇ ತಪ್ಪಿತಸ್ಥ ಎಂದು ಸುದ್ದಿಯೇ ತೀರ್ಪು ಕೊಟ್ಟುಬಿಟ್ಟಿರುತ್ತದೆ.

ಈ ಪತ್ರವನ್ನು ಮೂರು ವರ್ಷದ ಹಿಂದೆಯೇ ಬರೆಯಬೇಕಿತ್ತು. ಬರೆಯದೆ ಉಳಿದದ್ದಕ್ಕೆ ಕಾರಣ, ಆಗ ನಡೆದ ಒಂದು ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಇಲ್ಲಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುವ ಒಬ್ಬರು ನನಗೆ ಬಹಳ ವರ್ಷಗಳಿಂದ ಗೊತ್ತು. ಅವರ ಮಗಳು ಆಗ ಒಂಬತ್ತನೇ ತರಗತಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ 6,800 ರೂಪಾಯಿ ಕೊಟ್ಟು ಅವಳಿಗೆ ಹೊಸ ಸೈಕಲ್ ತಂದಿದ್ದರು. ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಟ್ಯೂಷನ್ನಿಗೆ ಹೋಗುವಾಗ ಕೆರೆ ಏರಿಯಿಂದ ಇಳಿಯುವ ಜಾಗದಲ್ಲಿ ಮುಂದಿನ ಫೋರ್ಕು ಮುರಿಯಿತು. ಹ್ಯಾಂಡಲ್ ಕೂರುವ ಕೊಳವೆ ಇದೆಯಲ್ಲ, ಅದು ಫೋರ್ಕಿನ ಎರಡು ಕಾಲುಗಳು ಕೂಡುವ ಜಾಗದಲ್ಲಿ ಬೆಸುಗೆಯಿಂದ ನಿಂತಿರುತ್ತದೆ. ಅಲ್ಲಿಗೇ ಬಿಟ್ಟುಕೊಂಡಿತ್ತು. ಚಕ್ರ ಒಂದು ಕಡೆ ಹೋಯಿತು, ಹ್ಯಾಂಡಲ್ ಕೈಯಲ್ಲೇ ಉಳಿಯಿತು, ಹುಡುಗಿ ಮುಖ ಕೆಳಗಾಗಿ ರಸ್ತೆಗೆ ಬಿದ್ದಳು. ದವಡೆ ಎರಡು ಕಡೆ ಮುರಿಯಿತು. ಮುಂದಿನ ಮೂರು ಹಲ್ಲು ಹೋದವು. ಎಡಗೈ ಮಣಿಕಟ್ಟಿಗೂ ಪೆಟ್ಟಾಯಿತು. ದವಡೆಗೆ ತಂತಿ ಕಟ್ಟಿ, ಒಂದೂವರೆ ತಿಂಗಳು ಗಂಜಿ ಕುಡಿದು ಅವಳು ದಿನ ಕಳೆದಳು. ಅವಳ ತಾಯಿಯ ಕಿವಿಯೋಲೆ ಅಡವಿಗೆ ಹೋಯಿತು.

ಬಿದ್ದ ದಿನ ಸಂಜೆಯೇ ಅವಳ ಅಪ್ಪ ಆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನನ್ನ ಅಂಗಡಿಗೆ ತಂದರು. ‘ಅಣ್ಣಾ, ಇದನ್ನು ಸರಿ ಮಾಡಿಕೊಡಿ. ಮಗಳು ಆಸ್ಪತ್ರೆಯಿಂದ ಬಂದು ಮುರಿದ ಸೈಕಲ್ ನೋಡುವುದು ಬೇಡ’ ಎಂದರು. ನಾನು ಆ ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಸುತ್ತಳತೆಯ ಅರ್ಧ ಭಾಗ ಕಂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿತ್ತು, ಉಳಿದರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಬೆಸುಗೆ ಒಂದು ಕಡೆ ಕೊಳವೆಯ ಮೇಲೆ ಸುಮ್ಮನೆ ಕುಳಿತಿತ್ತೇ ಹೊರತು ಒಳಗೆ ಇಳಿದೇ ಇರಲಿಲ್ಲ. ಈ ಕೆಲಸ ಬಲ್ಲವರಿಗೆ ಅದರ ಅರ್ಥ ಒಂದೇ. ಬಿರುಕು ಅವತ್ತು ಹುಟ್ಟಿದ್ದಲ್ಲ. ವಾರಗಳಿಂದ ಒಳಗೊಳಗೇ ಬೆಳೆಯುತ್ತಿತ್ತು. ಅಲ್ಲಿಗೆ ನೀರು, ಗಾಳಿ ಸೇರಿ ತುಕ್ಕು ಹಿಡಿದಿತ್ತು. ಉಳಿದಿದ್ದ ಅರ್ಧ ಮಾತ್ರ ಅಂದು ಬೆಳಿಗ್ಗೆ ಮುರಿದದ್ದು. ಹುಡುಗಿ ಯಾವ ಕಲ್ಲಿಗೂ ಹೊಡೆದಿರಲಿಲ್ಲ. ರಿಮ್ಮಿನಲ್ಲಿ ಒಂದು ತಗ್ಗು ಇರಲಿಲ್ಲ, ಒಂದು ಕಡ್ಡಿ ಬಾಗಿರಲಿಲ್ಲ.

ಇಷ್ಟನ್ನೂ ಕಣ್ಣಾರೆ ಕಂಡ ನಾನು ಮಾಡಿದ್ದೇನು ಗೊತ್ತೇ? ನನ್ನಲ್ಲಿದ್ದ ಹೊಸ ಫೋರ್ಕು ಹಾಕಿ, ಕೂಲಿ ತೆಗೆದುಕೊಳ್ಳದೆ ಸೈಕಲ್ ಕೊಟ್ಟು ಕಳಿಸಿದೆ. ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಮುರಿದ ಫೋರ್ಕು ಮೂಲೆಯಲ್ಲಿ ಹಳೆಯ ರಿಮ್ಮುಗಳ ಜೊತೆ ಬಿದ್ದಿತ್ತು. ಆ ಶನಿವಾರ ಗುಜರಿಯವನು ಬಂದಾಗ ಎಲ್ಲವನ್ನೂ ಒಟ್ಟಿಗೆ ತೂಕಕ್ಕೆ ಹಾಕಿದೆ.

ಎಂಟು ತಿಂಗಳ ನಂತರ ಆ ತಂದೆ ಮತ್ತೆ ಬಂದರು. ಯಾರೋ ಹೇಳಿದರೆಂದು ಒಂದು ಕಾನೂನು ನೆರವು ಶಿಬಿರಕ್ಕೆ ಹೋಗಿದ್ದರಂತೆ. ಅಲ್ಲಿದ್ದ ವಕೀಲರು ಎಲ್ಲವನ್ನೂ ಕೇಳಿ, ‘ಮುರಿದ ಭಾಗ ಎಲ್ಲಿದೆ?’ ಎಂದರಂತೆ. ‘ಅಣ್ಣಾ, ಆ ಫೋರ್ಕು ಇದೆಯಾ?’ ಎಂದು ಅವರು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಸೈಕಲ್ ಮಾರಿದ ಅಂಗಡಿಯವರು ಕೊಟ್ಟಿದ್ದು ಬಿಲ್ ಅಲ್ಲ, ಒಂದು ಚೀಟಿ. ಅದರಲ್ಲಿ ಮೊತ್ತ ಬಿಟ್ಟರೆ ಅಂಗಡಿಯ ಹೆಸರೂ ಇರಲಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ‘ಸೈಕಲ್‌ನಿಂದ ತಾನಾಗಿಯೇ ಬಿದ್ದದ್ದು’ ಎಂದು ಬರೆದಿತ್ತು. ಅಂಗಡಿಯವರ ಮಾತು ‘ಮಗು ಕಲ್ಲಿಗೆ ಹೊಡೆದಿರಬೇಕು’ ಎಂಬುದು. ಅದು ಸುಳ್ಳೆಂದು ಹೇಳಬಲ್ಲ ಒಂದೇ ಒಂದು ಸಾಕ್ಷಿಯನ್ನು ನಾನು ಕೈಯಾರೆ ಗುಜರಿಗೆ ಮಾರಿದ್ದೆ. ದೂರು ಸಲ್ಲಿಕೆಯಾಗಲೇ ಇಲ್ಲ.

ಆ ಮೇಲೆ ನಾನು ಆ ವಕೀಲರನ್ನು ಹುಡುಕಿಕೊಂಡು ಹೋದೆ. ಅವರು ಬೇಸರ ಪಡದೆ ಎರಡು ಸಂಜೆ ಕೂರಿಸಿಕೊಂಡು, ಗ್ರಾಹಕರ ಸಂರಕ್ಷಣಾ ಕಾಯ್ದೆಯನ್ನು ಓದಿ ಅರ್ಥ ಹೇಳಿದರು. ಅಲ್ಲಿ ತಿಳಿದದ್ದನ್ನು ಊರಿನ ಎಲ್ಲ ತಂದೆತಾಯಿಗಳಿಗೂ ನನ್ನ ಕಸುಬಿನವರಿಗೂ ಮುಟ್ಟಿಸಬೇಕು ಎಂಬುದೇ ಈ ಪತ್ರದ ಉದ್ದೇಶ.

2019ರ ಈ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಇದರಲ್ಲಿ ಹಳೆಯ ಕಾಯ್ದೆಯಲ್ಲಿ ಇರದಿದ್ದ ಒಂದು ಅಧ್ಯಾಯವಿದೆ, ಆರನೆಯದು. 82ರಿಂದ 87ರವರೆಗಿನ ಸೆಕ್ಷನ್‌ಗಳು. ದೋಷವಿರುವ ವಸ್ತುವಿನಿಂದ ಮನುಷ್ಯನಿಗೆ ಹಾನಿಯಾದರೆ ಅದನ್ನು ತಯಾರಿಸಿದವರು, ಮಾರಿದವರು, ಅದಕ್ಕೆ ಸೇವೆ ಒದಗಿಸಿದವರು, ಈ ಮೂವರಲ್ಲಿ ಯಾರ ಮೇಲಾದರೂ ಪರಿಹಾರಕ್ಕೆ ದೂರು ಕೊಡಬಹುದು. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ತಾವೇ ಹಾಕಿಕೊಂಡ ಅಳತೆಗೆ ತಕ್ಕಂತೆ ಮಾಡದಿರುವುದು, ಬಳಸುವ ಬಗೆಯನ್ನೂ ಅಪಾಯವನ್ನೂ ಸರಿಯಾಗಿ ತಿಳಿಸದಿರುವುದು, ಇವೆಲ್ಲ ತಯಾರಕರ ಹೊಣೆ. ಹಾನಿ ಎಂದರೆ ಮುರಿದ ಸೈಕಲ್‌ನ ಬೆಲೆಯಲ್ಲ. ದೇಹಕ್ಕಾದ ಗಾಯ, ಸಾವು, ಆ ಗಾಯದಿಂದಾದ ಮಾನಸಿಕ ಯಾತನೆ, ಇವು. ‘ಹೊಸ ಫೋರ್ಕು ಉಚಿತವಾಗಿ ಹಾಕಿಕೊಡುತ್ತೇವೆ, ಬಿಡಿ’ ಎಂದು ಅಂಗಡಿಯವರು ಹೇಳಿದರೆ ಅದು ಮುರಿದ ದವಡೆಗೆ ಕೊಟ್ಟ ಪರಿಹಾರ ಆಗುವುದಿಲ್ಲ. ಆ ಮಾತಿಗೆ ಒಪ್ಪಿ ಹಳೆಯ ಫೋರ್ಕನ್ನು ಅವರ ಕೈಗೇ ಕೊಟ್ಟು ಬಂದ ಎಷ್ಟೋ ಜನರನ್ನು ನಾನು ಬಲ್ಲೆ.

‘ಹಣ ಕೊಟ್ಟಿದ್ದು ನಾನು, ಬಿದ್ದದ್ದು ಮಗಳು, ದೂರು ಯಾರು ಕೊಡಬೇಕು?’ ಎಂದು ಆ ತಂದೆ ಕೇಳಿದ್ದರು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ. ಬಳಸಿದವರು ಅಪ್ರಾಪ್ತ ವಯಸ್ಸಿನವರಾದರೆ ತಂದೆ ತಾಯಿ ಅಥವಾ ಪೋಷಕರು ದೂರು ಕೊಡಬಹುದು. ಕಾರ್ಖಾನೆ ಲುಧಿಯಾನದಲ್ಲಿದ್ದರೂ ನಾವು ಅಲ್ಲಿಗೆ ಅಲೆಯಬೇಕಿಲ್ಲ. ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು. ನಮಗಾದರೆ ತುಮಕೂರು. ಕೊಂಡ ವಸ್ತುವಿನ ಬೆಲೆ ಐದು ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ನಾವು ಓಡಿಸುವ ಯಾವ ಸೈಕಲ್ ಐದು ಲಕ್ಷ ದಾಟೀತು? ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮಾತ್ರ ಮರೆಯಬಾರದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರಿಗೆ ಇನ್ನೊಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು ಮತ್ತು ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯವರು ಸಿಗುತ್ತಾರೆ. ಈ ಹುಡುಗಿಗೆ ಅದು ಹುಟ್ಟಿನಿಂದ ಬಂದ ಹಕ್ಕಾಗಿತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈಗ ನನ್ನ ಕಸುಬಿನವರಿಗೆ ನೇರವಾಗಿ ಹೇಳಬೇಕಾದದ್ದು. ಇದನ್ನು ಓದಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ.

ಸೈಕಲ್ ಎಂಬುದು ಕಾರ್ಖಾನೆಯಿಂದ ಓಡಿಸುವ ಸ್ಥಿತಿಯಲ್ಲಿ ಬರುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲೋ ಗೋಣಿ ಸುತ್ತಿಕೊಂಡೋ ಬಿಡಿಬಿಡಿಯಾಗಿ ಬರುತ್ತದೆ. ಚಕ್ರ, ಹ್ಯಾಂಡಲ್, ಪೆಡಲ್, ಬ್ರೇಕು ಜೋಡಿಸುವವರು ನಾವು. ಎಡಗಡೆಯ ಪೆಡಲ್‌ನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ. ಅದನ್ನು ಗಮನಿಸದೆ ಬಲವಂತವಾಗಿ ತಿರುಗಿಸಿ ಕೂರಿಸಿದರೆ ಮರೆ ಕೆಟ್ಟು, ಸ್ವಲ್ಪ ದಿನದಲ್ಲೇ ಪೆಡಲ್ ಕಳಚಿ ಬೀಳುತ್ತದೆ. ಹ್ಯಾಂಡಲ್ ಕಂಬದ ಮೇಲೆ ಒಂದು ಗೆರೆ ಇರುತ್ತದೆ, ಅಷ್ಟಾದರೂ ಒಳಗೆ ಇಳಿದಿರಬೇಕು. ಉದ್ದನೆಯ ಹುಡುಗ ಎಂದು ಅದನ್ನು ಗೆರೆಗಿಂತ ಮೇಲಕ್ಕೆ ಎಳೆದು ಬಿಗಿದರೆ ಎಂದೋ ಒಂದು ದಿನ ಕೈಗೇ ಬರುತ್ತದೆ. ಬ್ರೇಕಿನ ತಂತಿಯನ್ನು ನಟ್ಟಿನಲ್ಲಿ ಅರೆಬರೆ ಕಚ್ಚಿಸಿದರೆ ಅಂಗಡಿಯ ಮುಂದೆ ಹಿಡಿಯುತ್ತದೆ, ಇಳಿಜಾರಿನಲ್ಲಿ ಜೋರಾಗಿ ಒತ್ತಿದಾಗ ಜಾರುತ್ತದೆ. ನಾನು ಎಳೆಯನಾಗಿದ್ದಾಗ ಸಗಟು ಬಂದ ಸೈಕಲ್‌ಗಳನ್ನು ಜೋಡಿಸಲು ತಲೆಗಿಷ್ಟು ಎಂಬ ಕೂಲಿಗೆ ಹೋಗುತ್ತಿದ್ದೆ. ಸಂಜೆಗೆ ಎಷ್ಟಾಯಿತು ಎಂಬುದೇ ಲೆಕ್ಕ. ಕತ್ತಲಾಗುವ ಹೊತ್ತಿನಲ್ಲಿ ನಾನು ಬಿಗಿದ ನಟ್ಟುಗಳೆಲ್ಲ ಸರಿಯಾಗಿದ್ದವೇ ಎಂದು ಇಂದು ಯಾರಾದರೂ ಕೇಳಿದರೆ ಎದೆ ಮುಟ್ಟಿ ಹೇಳಲಾರೆ.

ಗ್ರಾಹಕರ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 86 ಇದನ್ನೇ ಹಿಡಿಯುತ್ತದೆ. ಮಾರುವವರು ತಯಾರಕರಲ್ಲದಿದ್ದರೂ, ವಸ್ತುವನ್ನು ಜೋಡಿಸುವಾಗ, ಪರೀಕ್ಷಿಸುವಾಗ, ನಿರ್ವಹಿಸುವಾಗ ತಕ್ಕ ಎಚ್ಚರ ವಹಿಸದಿದ್ದರೆ ಹೊಣೆ ಅವರದೂ ಆಗುತ್ತದೆ. ಇನ್ನೂ ಒಂದು ವಿಷಯ. ತಯಾರಿಸಿದವರು ಯಾರೆಂದೇ ಗೊತ್ತಾಗದಿದ್ದರೆ ಮಾರಿದವರೇ ಹೊಣೆ. ಈಗ ಪೇಟೆಯಲ್ಲಿ ದಪ್ಪ ಟೈರಿನ, ವಿದೇಶಿ ಹೆಸರಿನ ಸ್ಟಿಕ್ಕರ್ ಅಂಟಿಸಿದ ಎಷ್ಟೋ ಸೈಕಲ್‌ಗಳು ಬರುತ್ತಿವೆ. ಸ್ಟಿಕ್ಕರ್ ಕಿತ್ತರೆ ಅದು ಯಾರ ಮಗು ಎಂದು ಹೇಳುವವರಿಲ್ಲ. ಅಂಥದನ್ನು ಮಾರುವವರು ಅದರ ಬೆಸುಗೆಗೆ ತಾವೇ ಜಾಮೀನು ನಿಂತಂತೆ ಎಂದು ತಿಳಿದುಕೊಂಡೇ ಮಾರಬೇಕು.

ಬಿಲ್ಲಿನ ವಿಷಯ. ‘ಬಿಲ್ ಬೇಕಾದರೆ ತೆರಿಗೆ ಸೇರುತ್ತದೆ’ ಎಂಬ ಮಾತು ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದಿದೆ. ಆ ನೆಪವೂ ಈಗ ಸಣ್ಣದಾಯಿತು. ಬಿಲ್ ಕೊಡದಿರುವುದು ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂದು ಅಚ್ಚು ಹಾಕಿಸಿ ದೋಷವಿರುವ ಮಾಲನ್ನು ಹಿಂದಕ್ಕೆ ಪಡೆಯದಿರುವುದೂ ಹಾಗೆಯೇ. ಸೈಕಲ್ ತಿರುಗಿಸಿ ನೋಡಿದರೆ ಪೆಡಲ್ ಅಚ್ಚು ಹಾದುಹೋಗುವ ಕೊಳವೆಯ ತಳದಲ್ಲಿ ಒಂದು ಸಂಖ್ಯೆ ಒತ್ತಿರುತ್ತದೆ. ಅದು ಫ್ರೇಮ್ ನಂಬರ್. ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಾಳೆ ‘ಇದು ನಾವು ಮಾರಿದ ಸೈಕಲ್ಲೇ ಅಲ್ಲ’ ಎಂದು ಯಾರೂ ಹೇಳಲಾಗದು.

ಎಲ್ಲ ಮುರಿತವೂ ಕಾರ್ಖಾನೆಯ ತಪ್ಪು ಎಂದು ನಾನು ಹೇಳುತ್ತಿಲ್ಲ. ಕ್ಯಾರಿಯರ್ ಮೇಲೆ ಒಂದು ಮೂಟೆ ಸಿಮೆಂಟ್ ಹೇರಿ, ಅದರ ಮೇಲೆ ಮಗನನ್ನೂ ಕೂರಿಸಿಕೊಂಡು ಬಂದು, ಹಿಂದಿನ ಚಕ್ರ ಸೊಟ್ಟಗಾಗಿ ಎಂಟಾಯಿತು ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಹಳೆಯ ಫೋರ್ಕಿಗೆ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿ ಓಡಿಸಿದವರನ್ನೂ ನೋಡಿದ್ದೇನೆ. ವಸ್ತುವನ್ನು ದುರ್ಬಳಕೆ ಮಾಡಿದ್ದರೆ, ಮಾರ್ಪಾಡು ಮಾಡಿದ್ದರೆ ಮಾರಿದವರ ಮೇಲೆ ದೂರು ನಿಲ್ಲುವುದಿಲ್ಲ ಎಂದು ಸೆಕ್ಷನ್ 87 ಹೇಳುತ್ತದೆ. ಅದು ನ್ಯಾಯವೇ. ಆದ್ದರಿಂದಲೇ ಮುರಿದ ಭಾಗ ಉಳಿಯಬೇಕು. ಅದು ಇಬ್ಬರ ಪರವಾಗಿಯೂ ನಿಜ ಹೇಳುತ್ತದೆ. ಹೊಡೆತದಿಂದ ಮುರಿದ ಕಬ್ಬಿಣದ ಮುಖವೇ ಬೇರೆ, ದಿನದಿನವೂ ಸವೆದು ಬಿರುಕು ಬೆಳೆದು ಮುರಿದ ಮುಖವೇ ಬೇರೆ.

ದೋಷವನ್ನು ಪರೀಕ್ಷೆಯಿಂದಲೇ ತಿಳಿಯಬೇಕಾದಾಗ ಆಯೋಗವು ಆ ವಸ್ತುವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ವರದಿಗೆ 45 ದಿನದ ಗಡುವು. ಪರೀಕ್ಷೆಯ ಶುಲ್ಕವನ್ನು ದೂರುದಾರರು ಕಟ್ಟಬೇಕಾಗಬಹುದು. ಪರೀಕ್ಷೆ ಬೇಕಿರುವ ದೂರುಗಳನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಸಮಯ ಹಿಡಿಯುವುದನ್ನು ನಾನು ಈಗ ಕಣ್ಣಾರೆ ನೋಡುತ್ತಿದ್ದೇನೆ. ಆದರೂ ದಾರಿ ಇದೆ. ಆ ದಾರಿ ಶುರುವಾಗುವುದು ಮುರಿದ ಆ ತುಂಡಿನಿಂದ.

ಹಾಗಾಗಿ, ಮಕ್ಕಳು ಸೈಕಲ್‌ನಿಂದ ಬಿದ್ದಾಗ ಮೊದಲು ಮಗುವನ್ನು ನೋಡಿಕೊಳ್ಳಿ. ಆದರೆ ಮನೆಯಲ್ಲಿ ಉಳಿದ ಒಬ್ಬರಾದರೂ ಸೈಕಲ್ ಬಿದ್ದ ಜಾಗಕ್ಕೆ ಹೋಗಿ, ಅಲ್ಲಿ ಬಿದ್ದಿರುವ ನಟ್ಟು, ವಾಷರ್ ಸಮೇತ ಎಲ್ಲವನ್ನೂ ಎತ್ತಿಕೊಂಡು ಬನ್ನಿ. ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆಯಿರಿ, ರಸ್ತೆಯದೂ ಇರಲಿ. ಮುರಿದ ಬಾಯಿಯನ್ನು ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಉಪ್ಪುಕಾಗದದಿಂದ ಉಜ್ಜಬೇಡಿ. ಹೇಗೆ ಮುರಿಯಿತು ಎಂದು ನೋಡುವ ಆಸೆಗೆ ಎರಡು ತುಂಡನ್ನು ಒಂದಕ್ಕೊಂದು ಜೋಡಿಸಿ ನೋಡುತ್ತಾರೆ ನಮ್ಮ ಜನ, ಅದು ದೊಡ್ಡ ತಪ್ಪು. ತಿಕ್ಕಿದರೆ ಕಬ್ಬಿಣ ಬರೆದಿಟ್ಟ ಗುರುತು ಅಳಿಸಿಹೋಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಮಳೆ ನೀರು ತಾಕದ ಕಡೆ ಇಡಿ. ಆಸ್ಪತ್ರೆಯಲ್ಲಿ ವೈದ್ಯರು ಹೇಗಾಯಿತು ಎಂದು ಕೇಳಿದಾಗ ‘ಸೈಕಲ್‌ನಿಂದ ಬಿದ್ದಳು’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ‘ಓಡಿಸುವಾಗ ಫೋರ್ಕು ಮುರಿದು ಬಿದ್ದಳು’ ಎಂದು ಹೇಳಿ, ಹಾಗೆಯೇ ಬರೆಯಲು ಕೇಳಿಕೊಳ್ಳಿ.

ಮೋಟಾರ್ ಬೈಕ್ ಬಡಿದು ಗಾಯವಾದರೆ ನಮ್ಮ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಪೊಲೀಸ್ ಠಾಣೆ, ವಿಮೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಲ್ಲವೂ ಎಲ್ಲರಿಗೂ ಗೊತ್ತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರೇ ‘ಕೇಸ್ ಹಾಕಿದಿರಾ?’ ಎಂದು ವಿಚಾರಿಸುತ್ತಾರೆ. ಸೈಕಲ್ ತಾನಾಗಿ ಮುರಿದು ಬಿದ್ದರೆ ಆ ನ್ಯಾಯಮಂಡಳಿಗೆ ಹೋಗಲಾಗದು. ಅದು ಮೋಟಾರು ವಾಹನವಲ್ಲ, ಅದಕ್ಕೆ ವಿಮೆಯೂ ಇಲ್ಲ. ಈಗ ಬಂದಿರುವ ಬ್ಯಾಟರಿ ಸೈಕಲ್‌ಗಳ ಪೈಕಿ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ವೇಗ ದಾಟದ ಬಗೆಯವುಗಳ ಕಥೆಯೂ ಇದೇ. ನೋಂದಣಿ ಇಲ್ಲ, ವಿಮೆ ಇಲ್ಲ. ಅಪಘಾತಕ್ಕೆ ಸಿಗುವ ಪರಿಹಾರದ ಸಂಗತಿ ಎತ್ತಿದರೆ ‘ಸೈಕಲ್‌ಗೆಂಥ ಕೇಸು?’ ಎಂದು ನಗುವವರಿದ್ದಾರೆ. ಆ ತಂದೆಯೂ ಮೊದಮೊದಲು ‘ನಮ್ಮ ಗ್ರಹಚಾರ ಅಣ್ಣಾ’ ಎಂದೇ ಹೇಳುತ್ತಿದ್ದರು. ಗ್ರಹಚಾರ ಬೆಸುಗೆಯನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ. ಅದನ್ನು ಅರ್ಧಕ್ಕೆ ನಿಲ್ಲಿಸಿದ ಕೈಯೊಂದಿದೆ, ನೋಡದೆ ಮುಂದಕ್ಕೆ ಕಳಿಸಿದ ಕಣ್ಣೊಂದಿದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ದುಬಾರಿ ಸೈಕಲ್‌ಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. 2023ರಲ್ಲಿ ಜಪಾನಿನ ಶಿಮಾನೋ ಕಂಪನಿ ತನ್ನ ಒಂದು ಬಗೆಯ ಕ್ರ್ಯಾಂಕ್‌ಗಳನ್ನು, ಅಂದರೆ ಪೆಡಲ್ ಕೂರುವ ತೋಳುಗಳನ್ನು, ಪರೀಕ್ಷೆಗೆ ತರುವಂತೆ ಪ್ರಕಟಣೆ ಹೊರಡಿಸಿದ ವಿಷಯ ಅವನಿಂದ ತಿಳಿಯಿತು. ಎರಡು ಭಾಗ ಅಂಟಿಸಿ ಮಾಡಿದ ಕ್ರ್ಯಾಂಕ್ ಅದು, ಅಂಟು ಬಿಟ್ಟು ಬೇರೆಯಾಗುತ್ತಿತ್ತು. ಅಮೆರಿಕದಲ್ಲೇ ಸುಮಾರು 6,80,000 ಕ್ರ್ಯಾಂಕ್‌ಗಳು ಆ ಪ್ರಕಟಣೆಯ ವ್ಯಾಪ್ತಿಗೆ ಬಂದವು. ಬಿಟ್ಟುಕೊಂಡ ಪ್ರಕರಣಗಳು 4,500ಕ್ಕೂ ಹೆಚ್ಚು ವರದಿಯಾಗಿದ್ದವು, ಗಾಯಗೊಂಡವರು ಆರು ಜನ. 2015ರಲ್ಲಿ ಟ್ರೆಕ್ ಎಂಬ ಸೈಕಲ್ ಕಂಪನಿ ಮುಂದಿನ ಚಕ್ರವನ್ನು ಬಿಗಿಯುವ ಲಿವರಿನ ಒಂದು ದೋಷಕ್ಕಾಗಿ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು ಹತ್ತು ಲಕ್ಷ ಸೈಕಲ್ ಹಿಂದಕ್ಕೆ ಕರೆದಿತ್ತು. ಆಗ ವರದಿಯಾಗಿದ್ದ ಘಟನೆಗಳು ಮೂರೇ ಮೂರು. ಅದರಲ್ಲಿ ಒಬ್ಬರಿಗೆ ಕೈಕಾಲುಗಳೆಲ್ಲ ಸ್ವಾಧೀನ ತಪ್ಪಿದ್ದವು. ಮೂರು ಘಟನೆ ವರದಿಯಾದದ್ದಕ್ಕೆ ಹತ್ತು ಲಕ್ಷ ಸೈಕಲ್ ಹಿಂದಕ್ಕೆ ಕರೆದರು ಎಂಬುದನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಸೈಕಲ್‌ನ ಮೂರಕ್ಕಿಂತ ಹೆಚ್ಚು ಫೋರ್ಕುಗಳು ಅದೇ ಜಾಗದಲ್ಲಿ ಮುರಿದು ಬಂದು ಗುಜರಿ ಸೇರಿವೆ.

ನಮ್ಮಲ್ಲೂ ಅಂಥ ಅಧಿಕಾರ ಯಾರಿಗೂ ಇಲ್ಲ ಎಂದಲ್ಲ. ಇದೇ ಕಾಯ್ದೆಯಡಿ 2020ರಲ್ಲಿ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರ ಸ್ಥಾಪನೆಯಾಗಿದೆ. ಅಪಾಯಕಾರಿ ಮಾಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವಂತೆ ಆದೇಶಿಸುವ ಅಧಿಕಾರ ಅದಕ್ಕಿದೆ. ಆದರೆ ತಿಪಟೂರಿನ ಕೆರೆ ಏರಿಯಲ್ಲಿ ಮುರಿದದ್ದು ದೆಹಲಿಗೆ ಕಾಣಬೇಕಾದರೆ ಯಾರಾದರೂ ಹೇಳಬೇಕಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ದೂರು ಕೊಡುವ ಇಚ್ಛೆ ಇಲ್ಲದವರೂ ಒಂದು ಕರೆ ಮಾಡಿ ಇಂಥ ಸೈಕಲ್ ಇಂಥ ಕಡೆ ಮುರಿಯಿತು ಎಂದು ದಾಖಲಿಸಲಿ.

ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ಮೇಲೆ ಹೈಸ್ಕೂಲಿಗೆ ಹೋಗುವುದನ್ನು ನಾನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಣ್ತುಂಬ ನೋಡಿದ್ದೇನೆ. ಆ ಸೈಕಲ್‌ಗಳಿಗೆ ಗಾಳಿ ತುಂಬಲು ನಾನು ಎಂದೂ ದುಡ್ಡು ತೆಗೆದುಕೊಂಡಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರು ಎನ್ನುವುದಾದರೆ, ಸರ್ಕಾರ ಹಣ ಕೊಟ್ಟು ಕೊಂಡು ಮಗುವಿನ ಕೈಗೆ ಕೊಟ್ಟ ಸೈಕಲ್‌ನ ಮೇಲೂ ಆ ಮಗುವಿಗೆ ಇದೇ ಹಕ್ಕು ಇರಬೇಕು ಎಂಬುದು ನನ್ನ ವಾದ. ಶಾಲೆಗಳಿಗೆ ಯಾವುದೇ ಬಾಬಿನಲ್ಲಿ ಸೈಕಲ್ ಬಂದಾಗಲೂ ಜೋಡಿಸಿದವರ ಸಹಿಯಿರುವ ಒಂದು ಚೀಟಿ, ಫ್ರೇಮ್ ನಂಬರ್ ಸಮೇತ, ಮಗುವಿನ ಕೈಗೆ ಸಿಗಬೇಕು. ಅದಕ್ಕೆ ಖರ್ಚಾಗುವುದು ಒಂದು ಹಾಳೆ ಕಾಗದ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಬೇಡಿಕೆ ಇದೆ. ನಿಮ್ಮ ಊರೂರಿನ ವರದಿಗಾರರಿಗೆ ಹೇಳಿ: ಸೈಕಲ್‌ನಿಂದ ಬಿದ್ದ ಸುದ್ದಿ ಬಂದರೆ ಸೈಕಲ್ ಈಗ ಯಾವ ಸ್ಥಿತಿಯಲ್ಲಿದೆ ಎಂದು ಒಂದು ಪ್ರಶ್ನೆ ಕೇಳಲಿ. ಮುರಿದಿದ್ದರೆ ಏನು ಮುರಿದಿದೆ ಎಂದು ಬರೆಯಲಿ. ಏನೂ ಮುರಿಯದೆ ಬಿದ್ದಿದ್ದರೆ ಆಗ ‘ಆಯತಪ್ಪಿ’ ಎಂದು ಧಾರಾಳವಾಗಿ ಬರೆಯಲಿ.

ಹೋದ ವರ್ಷ ನಮ್ಮ ಪಕ್ಕದ ಹಳ್ಳಿಯ ಹತ್ತನೇ ತರಗತಿಯ ಹುಡುಗನೊಬ್ಬನ ಸೈಕಲ್ ಹಾಗೆಯೇ ಮುರಿಯಿತು. ಮುರಿದ ಜಾಗವೂ ಅದೇ. ಅವನ ಭುಜದ ಮೂಳೆಗೆ ಲೋಹದ ತಟ್ಟೆ ಹಾಕಿದ್ದಾರೆ. ಅವನ ಚಿಕ್ಕಪ್ಪ ಸೈಕಲ್ ತಂದಾಗ ನಾನು ರಿಪೇರಿಗೆ ಕೈ ಹಚ್ಚಲಿಲ್ಲ. ಇಬ್ಬರು ನೆರೆಯವರನ್ನು ಕರೆದು ಅವರ ಎದುರಿಗೆ ಚಿತ್ರ ತೆಗೆಸಿ, ಫೋರ್ಕನ್ನು ಬಟ್ಟೆಯಲ್ಲಿ ಸುತ್ತಿ, ದಿನಾಂಕ ಬರೆದು, ಎಲ್ಲರ ಸಹಿ ಹಾಕಿಸಿ ಅವರ ಕೈಗೇ ಕೊಟ್ಟೆ. ಅವರ ಬಳಿ ಬಿಲ್ ಇತ್ತು. ಈಗ ದೂರು ಆಯೋಗದ ಮುಂದಿದೆ. ವಿಚಾರಣೆ ನಡೆಯುತ್ತಿರುವುದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದು ಸರಿಯಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದೇನೆ. ನಮ್ಮದೇ ಬೀದಿಯಲ್ಲಿ ಸೈಕಲ್ ಮಾರುವ ಸ್ನೇಹಿತರೊಬ್ಬರು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರೂ ನನ್ನ ಹಾಗೆ ಬಿಡಿಭಾಗ ಬಿಚ್ಚಿ ಜೋಡಿಸಿ ಹೊಟ್ಟೆ ಹೊರೆಯುವವರು. ಕಾರ್ಖಾನೆಯ ತಪ್ಪಿಗೆ ತಮ್ಮನ್ನು ಎಳೆಯುತ್ತಾರೆ ಎಂಬ ಭಯ ಅವರದು. ಬಿಲ್ ಬರೆದು, ನೋಡಿ ಜೋಡಿಸಿ, ತಯಾರಕರ ಹೆಸರು ವಿಳಾಸ ಇಟ್ಟುಕೊಂಡವರಿಗೆ ಆ ಭಯ ಬೇಡ ಎಂದು ಅವರಿಗೂ ಈ ಪತ್ರದ ಮೂಲಕ ಹೇಳುತ್ತಿದ್ದೇನೆ.

ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ನಾನು ಹೊಸ ಫೋರ್ಕು ಹಾಕಿಕೊಟ್ಟ ಸೈಕಲ್ ಅವರ ಮನೆಯ ಹಿತ್ತಿಲಿನಲ್ಲಿ ನಿಂತಿದೆ, ಅವಳು ಅದನ್ನು ಮತ್ತೆ ಹತ್ತಲಿಲ್ಲ. ನನ್ನ ಅಂಗಡಿಯಲ್ಲಿ ಈಗ ಒಂದು ಮರದ ಪೆಟ್ಟಿಗೆ ಇದೆ. ಮುರಿದು ಬಂದ ಫೋರ್ಕು, ಪೆಡಲ್, ಹ್ಯಾಂಡಲ್ ಕಂಬ ಯಾವುದನ್ನೂ ಎರಡು ವರ್ಷ ಅದರಿಂದ ತೆಗೆಯುವುದಿಲ್ಲ. ಪ್ರತಿಯೊಂದಕ್ಕೂ ದಿನಾಂಕ ಮತ್ತು ತಂದವರ ಹೆಸರಿನ ಚೀಟಿ ಕಟ್ಟಿದ್ದೇನೆ. ಗುಜರಿಯವನು ಶನಿವಾರ ಬಂದಾಗ ಆ ಪೆಟ್ಟಿಗೆಯ ಕಡೆ ಕೈ ತೋರಿಸಿ ಕೇಳುತ್ತಾನೆ. ಅದು ಮಾರುವುದಕ್ಕಲ್ಲ ಎಂದು ಹೇಳಿ ಕಳಿಸುತ್ತೇನೆ.

ಇಂತಿ ತಮ್ಮ ಓದುಗ,
ಸೈಕಲ್ ರಿಪೇರಿ ಅಂಗಡಿಯವನು
ತಿಪಟೂರು, ತುಮಕೂರು ಜಿಲ್ಲೆ